ಒಂದೇ ಕೆಲಸ, ಎರಡು ರೇಟು

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಯಾರಿಗಾದರೂ ಬೈಯಬೇಕು ಅನ್ನಿಸುತ್ತಿದೆ. ಮನೆಯಲ್ಲಿ ಬೈದರೆ ಊಟಕ್ಕೆ ಸಂಚಕಾರ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಹೊಸ ಕೆಲಸವೊಂದಕ್ಕೆ ಬಿಡ್ ಹಾಕುತ್ತಿದ್ದೇವೆ. ನನ್ನ ಮಾಮೂಲಿ ಕೆಲಸವೇ. ಪೂರ್ವ ಆಫ್ರಿಕಾದ ದೇಶಗಳ ನಡುವೆ ಸರಕು ಸಲೀಸಾಗಿ ಓಡಾಡೋಕೆ ಎಲ್ಲೆಲ್ಲಿ ಅಡ್ಡಿ ಇದೆ, ಅದನ್ನು ಹೇಗೆ ತೆಗೆಯಬಹುದು ಅಂತ ನೋಡಿ ವರದಿ ಬರೆಯುವುದು. ಯುರೋಪಿನಲ್ಲಿ ಕೂತಿರುವ ಕಂಪನಿ ಬಜೆಟ್ ಶೀಟ್ ಕಳಿಸಿತ್ತು, ತೆರೆದೆ. ಮೊದಲ ಸಾಲಿನಲ್ಲಿ ನಾನು: ಅಂತರರಾಷ್ಟ್ರೀಯ ತಜ್ಞ. ಎರಡನೇ ಸಾಲಿನಲ್ಲಿ ಉಗಾಂಡದ ನಮ್ಮ ಮ್ಜೇ: ರಾಷ್ಟ್ರೀಯ ತಜ್ಞ. (ನಾನಿರುವ ಈ ಪೂರ್ವ ಆಫ್ರಿಕಾದಲ್ಲಿ ಹಿರಿಯರನ್ನು ಮ್ಜೇ ಅಂತಲೇ ಕರೆಯುವುದು. ಹೆಸರು ಹಾಕುವುದಿಲ್ಲ, ಅವರಿಗೆ ಫೇಸ್‌ಬುಕ್ ಅಂದರೆ ಆಗಿಬರಲ್ಲ.) ಇಬ್ಬರಿಗೂ ಅದೇ ಕೆಲಸ, ಅಷ್ಟೇ ದಿನ. ಅವರ ದಿನದ ರೇಟು ಮಾತ್ರ ನನ್ನದರ ಮೂರನೇ ಒಂದು ಭಾಗವೂ ಇಲ್ಲ.

ಇದು ಹೊಸದೇನಲ್ಲ, ಗೊತ್ತು. ಈ ಲೈನಿನಲ್ಲಿ ಎಲ್ಲ ಕಡೆ ಹೀಗೇ. ಆದರೆ ಗಡಿ ಅನ್ನೋದೇ ಅಡ್ಡಿಯಾಗಬಾರದು ಅಂತ ವರದಿ ಬರೆಯುವ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುತ್ತಾರಲ್ಲ, ಅದು ಇವತ್ತು ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

ನಾನು ಎಲ್ಲಿಂದ ಬಂದವನು ಅಂತ ನಿಮಗೆಲ್ಲ ಗೊತ್ತೇ ಇದೆ. ಪಣಂಬೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಆಫೀಸು. ತಾಂಜಾನಿಯಾದಿಂದ ಹಡಗಿನಲ್ಲಿ ಬರುತ್ತಿದ್ದ ಕಚ್ಚಾ ಗೇರುಬೀಜದ ಕಾಗದಪತ್ರ ಮಾಡಿಕೊಂಡು ಇದ್ದವನು. ಆ ಗೇರುಬೀಜದ ದಾರಿ ಹಿಡಿದೇ ಈ ಕಡೆ ಬಂದೆ. ಮ್ಜೇ ಹಾಗಲ್ಲ. ಇಡೀ ನೌಕರಿ ಕಸ್ಟಮ್ಸ್‌ನಲ್ಲೇ ಕಳೆದವರು, ಅದರಲ್ಲೂ ಜಾಸ್ತಿ ಕೆನ್ಯಾ ಗಡಿಯಲ್ಲಿ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೇ ಹಳೆಯ ಪೂರ್ವ ಆಫ್ರಿಕಾ ಸಮುದಾಯ (ಕೆನ್ಯಾ, ಉಗಾಂಡ, ತಾಂಜಾನಿಯಾ ಸೇರಿ ಕಟ್ಟಿಕೊಂಡಿದ್ದ ಒಕ್ಕೂಟ) ಮುರಿದು ಬಿತ್ತು, 1977ರಲ್ಲಿ. ಅಲ್ಲಿಯವರೆಗೆ ಮೂರು ದೇಶಕ್ಕೂ ಒಂದೇ ರೈಲ್ವೆ, ಒಂದೇ ವಿಮಾನ ಕಂಪನಿ, ಒಂದೇ ಅಂಚೆ, ಒಂದೇ ಬಂದರು ಇಲಾಖೆ ಇತ್ತು. ಕೆನ್ಯಾಕ್ಕೇ ಲಾಭ ಜಾಸ್ತಿ ಅಂತ ಉಳಿದವರಿಗೆ ಸಿಟ್ಟು, ತಾಂಜಾನಿಯಾದ ಅಧ್ಯಕ್ಷ ನ್ಯೆರೆರೆಗೂ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನಿಗೂ ಎಣ್ಣೆ ಸೀಗೆಕಾಯಿ. ಆಮೇಲೆ 1999ರಲ್ಲಿ ಹೊಸ ಒಪ್ಪಂದ, 2005ರಲ್ಲಿ ಕಸ್ಟಮ್ಸ್ ಒಕ್ಕೂಟ, 2010ರಲ್ಲಿ ಸಾಮಾನ್ಯ ಮಾರುಕಟ್ಟೆ. ಮೂರಿದ್ದ ದೇಶ ಈಗ ಎಂಟಾಗಿವೆ, ಕೊನೆಗೆ ಸೇರಿದ್ದು ಸೊಮಾಲಿಯಾ. ನಾನು ಇದನ್ನೆಲ್ಲ ಓದಿ ತಿಳಿದಿದ್ದು. ಅವರು ಕೌಂಟರಿನ ಹಿಂದೆ ಕೂತು ನೋಡಿದ್ದು.

ಒಂದು ಉದಾಹರಣೆ ಕೊಡ್ತೀನಿ. ಮೊಂಬಾಸಾ ಬಂದರಿನಿಂದ ಕಂಪಾಲಕ್ಕೆ ಸುಮಾರು 1,170 ಕಿಲೋಮೀಟರ್. ಹಿಂದೆ ಉಗಾಂಡಕ್ಕೆ ಹೋಗುವ ಸರಕು ಕೆನ್ಯಾ ದಾಟುವಷ್ಟೂ ದೂರ ಬಾಂಡ್ (ಸುಂಕಕ್ಕೆ ಕೊಡುವ ಜಾಮೀನು) ಮೇಲೆ ಹೋಗಬೇಕಿತ್ತು. ಗಡಿ ತಲುಪಿದ ಮೇಲೆ ಮತ್ತೆ ಕಾಗದ, ಮತ್ತೆ ಸುಂಕ, ಮತ್ತೆ ಕಾಯುವುದು. 2014ರಿಂದ ಕ್ರಮ ಬದಲಾಯಿತು. ಉಗಾಂಡದ ಕಂದಾಯ ಅಧಿಕಾರಿಗಳೇ ಮೊಂಬಾಸಾದಲ್ಲಿ ಕೂತರು. ಸುಂಕವನ್ನು ಮೊದಲೇ ಕಟ್ಟಿಸಿಕೊಂಡು ಲಾರಿ ಬಿಡುವುದು ಶುರುವಾಯಿತು. ಬುಸಿಯಾ, ಮಲಾಬಾ ಗಡಿಗಳಲ್ಲಿ ಎರಡೂ ದೇಶದವರು ಒಂದೇ ಕಟ್ಟಡದಲ್ಲಿ ಕೂತು ಕೆಲಸ ಮಾಡುತ್ತಾರೆ. ಲಾರಿ ಎರಡು ಕಡೆ ನಿಲ್ಲಬೇಕಿಲ್ಲ, ಹೋಗುವ ದೇಶದ ಕಡೆ ಒಂದೇ ಸಲ ನಿಂತರೆ ಮುಗಿಯಿತು. ಕೇಳೋಕೆ ಸುಲಭ. ಆದರೆ ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ನೆಲದಲ್ಲಿ ಕೂತು ಯಾರನ್ನಾದರೂ ಹಿಡಿದರೆ ಯಾವ ಕಾನೂನು? ಅವನ ಸೀಲು ಯಾರ ಬೀರುವಿನಲ್ಲಿ ಇರಬೇಕು? ಮಧ್ಯಾಹ್ನ ಊಟದ ಹೊತ್ತು ಎರಡೂ ಕಡೆ ಬೇರೆಯಾದರೆ ಏನು ಮಾಡುವುದು? ಇಂಥ ಸಣ್ಣ ಸಣ್ಣ ಗಂಟು ಬಿಡಿಸಿದವರು ಮ್ಜೇ ಥರದವರು. ಆ ಕಾಲದಲ್ಲಿ ನಾನು ಪಣಂಬೂರಿನಲ್ಲಿ ಗೇರುಬೀಜದ ಚೀಲ ಎಣಿಸುತ್ತಿದ್ದೆ.

ಈಗ ಹೇಳಿ, ಯಾರು ತಜ್ಞ?

ಇನ್ನೊಂದು ಘಟನೆ. ಕೆನ್ಯಾ-ಉಗಾಂಡ ಗಡಿಯ ಒಂದು ಪೇಟೆ, ಯಾವುದು ಅಂತ ಬೇಡ. ಸಣ್ಣ ವ್ಯಾಪಾರ ಮಾಡುವ ಹೆಂಗಸರ ಸಮೀಕ್ಷೆ ಮಾಡುತ್ತಿದ್ದೆವು. ಸಮುದಾಯದ ದೇಶಗಳಲ್ಲೇ ಬೆಳೆದ, ತಯಾರಾದ ಸರಕು ಪಟ್ಟಿಯಲ್ಲಿದ್ದು, ಬೆಲೆ 2,000 ಡಾಲರ್ ದಾಟದಿದ್ದರೆ ಸುಂಕವಿಲ್ಲ. ಗಡಿಯಲ್ಲೇ ಒಂದು ಸರಳ ಪ್ರಮಾಣಪತ್ರ ಕೊಡುತ್ತಾರೆ, ಅದೂ ಪುಕ್ಕಟೆ. ಆದರೂ ಬಹಳ ಹೆಂಗಸರು ಕಳ್ಳದಾರಿಯಲ್ಲೇ ದಾಟುತ್ತಾರೆ. ಯಾಕೆ? ವಿಕ್ಟೋರಿಯಾ ಸರೋವರದ ಸಣ್ಣ ಒಣಮೀನು ಮಾರುವ ಒಬ್ಬಾಕೆ ಸಿಕ್ಕಳು. ತಲೆ ಮೇಲೆ ಬುಟ್ಟಿ, ಬೆನ್ನಿಗೆ ಕಟ್ಟಿಕೊಂಡ ಮಗು. ಯುರೋಪಿನಿಂದ ಬಂದ ಪ್ರಶ್ನಾವಳಿ ಹಿಡಿದುಕೊಂಡು ನಾನು ಕೇಳಿದೆ: ಗಡಿ ದಾಟುವಾಗ ನಿಮಗೆ ಯಾವ ಬಗೆಯ ಅಡೆತಡೆ ಎದುರಾಗುತ್ತದೆ, ಒಂದರಿಂದ ಐದರವರೆಗೆ ಅಂಕ ಕೊಡಿ. ಅವಳು ನನ್ನನ್ನು ನೋಡಿದಳು. ಏನೂ ಇಲ್ಲ ಅಂದಳು. ನಾನು ಸೊನ್ನೆ ಬರೆದುಕೊಂಡೆ.

ಮ್ಜೇ ಸುಮ್ನೆ ಪಕ್ಕದಲ್ಲಿ ನಿಂತಿದ್ದರು. ಬುಟ್ಟಿಯಿಂದ ಒಂದು ಮೀನು ತೆಗೆದು ಮೂಸಿದರು. ಆಮೇಲೆ ಗಡಿಯ ಎರಡೂ ಕಡೆಯವರು ಆಡುವ ಭಾಷೆಯಲ್ಲಿ ಏನೋ ಕೇಳಿದರು. ಅವಳು ನಕ್ಕುಬಿಟ್ಟಳು. ಮಳೆ ಬಂದ ದಿನ ಯಾವ ಕಡೆಯಿಂದ ದಾಟಿದೆ ಮಗಳೇ, ಬುಟ್ಟಿ ಒದ್ದೆಯಾಗಲಿಲ್ಲವಾ ಅಂತ ಕೇಳಿದ್ದಂತೆ. ಅಷ್ಟೇ. ಕಟ್ಟೆ ಒಡೆದ ಹಾಗೆ ಎಲ್ಲ ಬಂತು. ಹೊಸ ಕಟ್ಟಡದ ನೆಲ ಫಳಫಳ ಹೊಳೆಯುತ್ತದೆ, ಮೀನಿನ ಬುಟ್ಟಿ ಹಿಡಿದು ಒಳಗೆ ಹೋದರೆ ಬಾಗಿಲಲ್ಲೇ ಕಾವಲುಗಾರ ತಡೆಯುತ್ತಾನೆ. ಬುಟ್ಟಿ ಹೊರಗೆ ಬಿಟ್ಟು ಹೋಗಬೇಕು. ಬಿಟ್ಟು ಹೋದರೆ ಅದನ್ನು ನೋಡಿಕೊಳ್ಳುವವನಿಗೆ ದುಡ್ಡು ಕೊಡಬೇಕು. ಪ್ರಮಾಣಪತ್ರ ಪುಕ್ಕಟೆ, ಅದನ್ನು ತರೋಕೆ ಹೋಗುವುದು ಪುಕ್ಕಟೆ ಅಲ್ಲ. ಬೈಕಿನ ಹುಡುಗನಿಗೆ ಕೊಟ್ಟರೆ ಅದಕ್ಕಿಂತ ಕಮ್ಮಿಯಲ್ಲಿ ಹಿಂದಿನ ದಾರಿಯಿಂದ ದಾಟಿಸಿಬಿಡುತ್ತಾನೆ.

ಇಡೀ ವರದಿಯಲ್ಲಿ ಉಪಯೋಗಕ್ಕೆ ಬಂದ ವಿಷಯ ಅಂದರೆ ಇದೇ. ಬುಟ್ಟಿ ಇಡೋಕೆ ಹೊರಗೊಂದು ಕಟ್ಟೆ, ಕಟ್ಟೆ ಪಕ್ಕದಲ್ಲೇ ಒಂದು ಕಿಟಕಿ. ಖರ್ಚು ಎಷ್ಟಾದೀತು? ವರದಿ ಮಂಡಿಸುವ ದಿನ, ದೊಡ್ಡ ಹೋಟೆಲಿನ ಎಸಿ ಹಾಲಿನಲ್ಲಿ, ಎಲ್ಲರೂ ಬಂದು ನನ್ನ ಕೈ ಕುಲುಕಿದರು. ಎಷ್ಟು ಸೂಕ್ಷ್ಮವಾಗಿ ನೋಡಿದ್ದೀರಿ ಅಂತ ಹೊಗಳಿದರು. ಇವರು ನೋಡಿದ್ದು ಅಂತ ಮ್ಜೇ ಕಡೆ ಕೈ ತೋರಿಸಿದೆ. ಅದನ್ನು ವಿನಯ ಅಂದುಕೊಂಡರು. ಅವರು ಹಿಂದಿನ ಸಾಲಿನಲ್ಲಿ ಕೂತು ಸಮೋಸ ತಿನ್ನುತ್ತಿದ್ದರು. (ಸಮೋಸ ಇಲ್ಲಿ ಎಲ್ಲ ಮೀಟಿಂಗಿಗೂ ಬರುತ್ತೆ, ನಮ್ಮವರು ಬಂದು ಬಿಟ್ಟುಹೋದ ಆಸ್ತಿ.) ವರದಿಯ ಮುಖಪುಟದಲ್ಲಿ ನನ್ನ ಹೆಸರಿತ್ತು, ಅವರದು ಒಳಗೆ ಕೃತಜ್ಞತೆಯ ಪುಟದಲ್ಲಿ.

ಮೆಕ್ಕೆಜೋಳದ ಕಥೆಯೂ ಅಷ್ಟೆ. 2021ರ ಮಾರ್ಚ್‌ನಲ್ಲಿ ಕೆನ್ಯಾ ಏಕಾಏಕಿ ಉಗಾಂಡ, ತಾಂಜಾನಿಯಾದ ಮೆಕ್ಕೆಜೋಳ ಬೇಡ ಅಂದುಬಿಟ್ಟಿತು. ಕಾರಣ ಆಫ್ಲಾಟಾಕ್ಸಿನ್, ಸರಿಯಾಗಿ ಒಣಗಿಸದ ಜೋಳದಲ್ಲಿ ಬೂಷ್ಟಿನಿಂದ ಹುಟ್ಟುವ ವಿಷ. ಸುಳ್ಳು ಕಾರಣವೇನಲ್ಲ, ಮನುಷ್ಯರನ್ನು ಕೊಂದ ವಿಷ ಅದು. ನಮ್ಮ ತಂಡದ ಅಂತರರಾಷ್ಟ್ರೀಯರೆಲ್ಲ (ನಾನೂ ಸೇರಿ) ಒಪ್ಪಂದದ ಕಲಂ ಹುಡುಕುತ್ತಾ ಕೂತೆವು. ಮ್ಜೇ ಗಡಿಯ ಏಜೆಂಟರಿಗೆ ಫೋನ್ ಹಚ್ಚಿದರು, ಮಿಲ್ಲಿನವರ ಹತ್ತಿರ ಮಾತಾಡಿದರು. ಬೇಗ ತೆರೆಯುತ್ತಾರೆ, ಆದರೆ ಷರತ್ತು ಹಾಕಿ ತೆರೆಯುತ್ತಾರೆ ಅಂದರು. ಕೆಲವೇ ದಿನದಲ್ಲಿ ಹಾಗೇ ಆಯಿತು. ಆಮದುದಾರರು ನೋಂದಣಿ ಮಾಡಿಸಬೇಕು, ಲೋಡಿನ ಜೊತೆ ವಿಷದ ಪ್ರಮಾಣದ ಸರ್ಟಿಫಿಕೇಟು ಇರಬೇಕು.

ಇಲ್ಲಿ ಗಡಿಗಳು ಹಾಗೇ. 2017ರಲ್ಲಿ ತಾಂಜಾನಿಯಾ ಕೆನ್ಯಾದಿಂದ ಬಂದ 6,400 ಕೋಳಿಮರಿಗಳನ್ನು ಸುಟ್ಟುಹಾಕಿತು. 2019ರಿಂದ 2022ರವರೆಗೆ ರುವಾಂಡ-ಉಗಾಂಡ ನಡುವಿನ ಗಟುನಾ ಗಡಿ ಮುಚ್ಚಿಯೇ ಇತ್ತು. ಇಬ್ಬರೂ ಒಂದೇ ಸಮುದಾಯದ ಸದಸ್ಯರು, ಕಾಗದದ ಮೇಲೆ ಅಣ್ಣತಮ್ಮಂದಿರು. 2024ಕ್ಕೆ ಒಂದೇ ನಾಣ್ಯ ಬರಬೇಕಿತ್ತು, ಈಗ 2031 ಅಂತಿದ್ದಾರೆ. ಬರಲಿ ಬಿಡಿ. ಇಂಥ ಕಡೆ ಕೆಲಸಕ್ಕೆ ಬರುವುದು ಯಾರಿಗೆ ಫೋನ್ ಮಾಡಬೇಕು ಅನ್ನುವ ತಿಳಿವಳಿಕೆ. ಅದಕ್ಕೆ ಬಜೆಟ್ ಶೀಟಿನಲ್ಲಿ ಮೂರನೇ ಒಂದು ಭಾಗ.

ಹೊರಗಿನವನು ಬೇಕೇ ಬೇಕು, ಅವನಿಗೆ ಪಕ್ಷಪಾತ ಇರಲ್ಲ ಅನ್ನುವವರಿದ್ದಾರೆ. ಕೆನ್ಯಾದವನು ಬರೆದ ವರದಿಯನ್ನು ತಾಂಜಾನಿಯಾ ನಂಬಲ್ಲ ಅಂತ ವಾದ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ, ಇಲ್ಲ ಅನ್ನಲ್ಲ. 1977ರಲ್ಲಿ ಸಮುದಾಯ ಮುರಿದಾಗ ರೈಲು, ವಿಮಾನ, ಸಾಲ ಯಾರ ಪಾಲಿಗೆ ಎಷ್ಟು ಅಂತ ಮೂರು ದೇಶಗಳು ಕಚ್ಚಾಡುತ್ತಿದ್ದವು. ಆಗ ಪಾಲು ಮಾಡಿಸಿದ್ದು ವಿಕ್ಟರ್ ಉಂಬ್ರಿಕ್ಟ್ ಅನ್ನುವ ಸ್ವಿಸ್ ರಾಜತಾಂತ್ರಿಕ. ವರ್ಷಗಟ್ಟಲೆ ಓಡಾಡಿ 1984ರಲ್ಲಿ ತಾಂಜಾನಿಯಾದ ಅರುಷಾದಲ್ಲಿ ಸಹಿ ಹಾಕಿಸಿದರು. ಮುಂದೆ ಮತ್ತೆ ಸೇರುವ ದಾರಿ ಹುಡುಕಬೇಕು ಅನ್ನುವ ಮಾತೂ ಅದೇ ಒಪ್ಪಂದದಲ್ಲಿದೆ. ದೊಡ್ಡ ಕೆಲಸ. ಕೈ ಮುಗಿಯುತ್ತೇನೆ.

ಆದರೆ ಸ್ವಾಮಿ, ಅದು ಆಸ್ತಿ ಪಾಲಿನ ಪಂಚಾಯ್ತಿ. ಪಂಚಾಯ್ತಿಗೆ ಹೊರಗಿನವರು ಬೇಕು. ಮೀನಿನ ಬುಟ್ಟಿ ಎಲ್ಲಿ ಇಡಬೇಕು ಅಂತ ನೋಡೋಕೆ ಯಾವ ನಿಷ್ಪಕ್ಷಪಾತ ಬೇಕು? ಅಷ್ಟಕ್ಕೂ ಪಕ್ಷಪಾತದ ಭಯ ಇದ್ದರೆ ಉಗಾಂಡದವರೊಬ್ಬರು, ಕೆನ್ಯಾದವರೊಬ್ಬರು ಅಂತ ಇಬ್ಬರನ್ನೂ ಇಡಿ. ನನ್ನ ಒಬ್ಬನ ರೇಟಿನಲ್ಲಿ ಇಬ್ಬರಿಗೂ ಕೊಟ್ಟು ಮಿಗುತ್ತದೆ.

ಇನ್ನೊಂದು ಸಬೂಬು, ವಿದೇಶಿಯರಿಗೆ ಜೀವನದ ಖರ್ಚು ಜಾಸ್ತಿ ಅನ್ನೋದು. ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಇರೋದು. ನಮ್ಮ ಬೀದಿಯ ಟೊಮೆಟೊ ಅಂಗಡಿಯವಳು ಯಾವತ್ತೂ ನನ್ನ ಪಾಸ್‌ಪೋರ್ಟ್ ಕೇಳಿಲ್ಲ. ಎಲ್ಲರಿಗೂ ಒಂದೇ ಬೆಲೆ. ಅವಳಿಗಿರುವ ನ್ಯಾಯ ನಮ್ಮ ಬಜೆಟ್ ಶೀಟಿಗಿಲ್ಲ.

ತಮಾಷೆ ಇಲ್ಲಿಗೆ ಮುಗಿಯಲ್ಲ. ಕೆಲವು ಶೀಟಿನಲ್ಲಿ ಮೂರನೇ ಸಾಲೂ ಇರುತ್ತದೆ: ಪ್ರಾದೇಶಿಕ ತಜ್ಞ. ಮ್ಜೇ ಉಗಾಂಡದಲ್ಲಿ ಕೂತರೆ ರಾಷ್ಟ್ರೀಯ, ಗಡಿ ದಾಟಿ ಕೆನ್ಯಾಕ್ಕೆ ಬಂದರೆ ಪ್ರಾದೇಶಿಕ, ರೇಟು ಸ್ವಲ್ಪ ಏರುತ್ತದೆ. ಇಲ್ಲೇ ಹುಟ್ಟಿ ಬೆಳೆದು ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡವನು ಬಂದರೆ ಸೀದಾ ಮೊದಲ ಸಾಲಿಗೆ. ಸಾಮಾನ್ಯ ಮಾರುಕಟ್ಟೆ ಒಪ್ಪಂದದಲ್ಲಿ ಕೆಲಸಗಾರರು, ಸೇವೆಗಳು ದೇಶದಿಂದ ದೇಶಕ್ಕೆ ಮುಕ್ತವಾಗಿ ಓಡಾಡಬೇಕು ಅಂತಿದೆ. ಒಂದು ದೇಶದ ಅಕೌಂಟೆಂಟು, ಎಂಜಿನಿಯರ್, ಪಶುವೈದ್ಯರ ಅರ್ಹತೆಯನ್ನು ಇನ್ನೊಂದು ದೇಶ ಒಪ್ಪಬೇಕು ಅಂತ ಒಪ್ಪಂದಗಳೂ ಆಗಿವೆ. ಅದು ಯಾಕೆ ಸರಿಯಾಗಿ ಜಾರಿಯಾಗುತ್ತಿಲ್ಲ ಅಂತ ವರದಿ ಬರೆಯೋಕೆ ನಮ್ಮನ್ನು ಕರೆಯುತ್ತಾರೆ. ಆ ವರದಿಯ ಬಜೆಟ್ ಶೀಟೂ ಹೀಗೇ ಇರುತ್ತದೆ.

ಹಿಂದೊಮ್ಮೆ ಪೆಟ್ರಾಪೋಲ್-ಬೆನಾಪೋಲ್ ಕೆಲಸವೊಂದಕ್ಕೆ ನನ್ನ ಸಿವಿ ಕೇಳಿದ್ದರು. ನಮ್ಮ ಪಶ್ಚಿಮ ಬಂಗಾಳ-ಬಾಂಗ್ಲಾದೇಶ ಗಡಿ. 2021ರ ವಿಶ್ವಬ್ಯಾಂಕ್ ವರದಿ ಪ್ರಕಾರ ಅಲ್ಲಿ ಸರಕು ದಾಟೋಕೆ 138 ಗಂಟೆ. ಅದರಲ್ಲಿ 28 ಗಂಟೆ ಬರೀ ಒಂದು ಲಾರಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬೋಕೆ. ಪೂರ್ವ ಆಫ್ರಿಕಾದಲ್ಲಿ ಅಷ್ಟೇ ಸರಕು ಓಡಾಡುವ ಗಡಿಗಳಲ್ಲಿ ಆರು ಗಂಟೆಯೂ ಬೇಡ ಅಂತ ಅದೇ ವರದಿ ಹೇಳುತ್ತದೆ. ಆಫ್ರಿಕಾ ಅಂದರೆ ಮೂಗು ಮುರಿಯುವ ನಮ್ಮ ಜನ ಈ ಲೆಕ್ಕ ಸ್ವಲ್ಪ ನೋಡಬೇಕು. ಇರಲಿ. ಆ ಶೀಟಿನಲ್ಲಿ ನಾನು ಎಲ್ಲಿದ್ದೆ ಗೊತ್ತಾ? ಎರಡನೇ ಸಾಲಿನಲ್ಲಿ. ಭಾರತದ ಗಡಿ, ಭಾರತದ ಪಾಸ್‌ಪೋರ್ಟ್, ಆದ್ದರಿಂದ ರಾಷ್ಟ್ರೀಯ ತಜ್ಞ. ಅದೇ ತಲೆ, ಅದೇ ಅನುಭವ, ರೇಟು ಅರ್ಧಕ್ಕಿಂತ ಕೆಳಗೆ. ನೈರೋಬಿಯಿಂದ ಕೋಲ್ಕತ್ತಾಕ್ಕೆ ಹೋಗುವ ವಿಮಾನದಲ್ಲಿ ನನ್ನ ಬುದ್ಧಿ ಎಲ್ಲಿ ಸೋರಿಹೋಗುತ್ತದೋ ದೇವರಿಗೇ ಗೊತ್ತು. ಮ್ಜೇಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗಾದರೆ ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗು, ನೀನು ಬಂಗಾಳಿಯಲ್ಲಿ ಕೇಳಿ ತಿಳಿದುಕೋ, ನಾನು ಮುಖಪುಟದಲ್ಲಿ ಹೆಸರು ಹಾಕಿಕೊಳ್ತೀನಿ ಅಂದರು. ನನಗೆ ಬಂಗಾಳಿ ಬರಲ್ಲ ಅಂದೆ. ಪರವಾಗಿಲ್ಲ, ನಿನಗೆ ಸ್ವಾಹಿಲಿಯೂ ಬರಲ್ಲವಲ್ಲ ಅಂದರು.

ನಿಜ ಹೇಳಿಬಿಡ್ತೀನಿ. ಇಷ್ಟು ವರ್ಷ ಆ ಮೊದಲ ಸಾಲಿನ ದುಡ್ಡು ಬೇಡ ಅಂದವನಲ್ಲ ನಾನು. ಸುರತ್ಕಲ್ಲಿನ ಮನೆ ಸಾಲ ತೀರಿದ್ದು ಅದರಿಂದಲೇ. ಮಗಳ ಓದು ನಡೆಯುತ್ತಿರುವುದೂ ಅದರಿಂದಲೇ. ಹಾಗಾಗಿ ನೀನು ಯಾವ ಮುಖ ಇಟ್ಟುಕೊಂಡು ಬರೀತೀಯ ಅಂತ ಕೇಳುವವರು ಕೇಳಬಹುದು. ಮೊದಲ ಸಾಲಿನಲ್ಲಿ ಕೂತವನು ಬರೆಯದಿದ್ದರೆ ಯಾರು ಬರೆಯಬೇಕು? ಎರಡನೇ ಸಾಲಿನವರು ಬಾಯಿ ಬಿಟ್ಟರೆ ಮುಂದಿನ ಬಿಡ್‌ನಲ್ಲಿ ಆ ಸಾಲಿಗೆ ಬೇರೆಯವರು ಬರುತ್ತಾರೆ.

ಕಂಪನಿಗೆ ಮಧ್ಯಾಹ್ನ ಮೇಲ್ ಹಾಕಿದೆ, ಇಬ್ಬರಿಗೂ ಒಂದೇ ರೇಟು ಮಾಡಿ ಅಂತ. ಗಂಟೆಯೊಳಗೆ ಉತ್ತರ ಬಂತು. ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ದುಡ್ಡು ಕೊಡುವ ಸಂಸ್ಥೆಯ ನಿಯಮದಲ್ಲಿ ಪ್ರತಿ ವರ್ಗಕ್ಕೂ ಮಿತಿ ಇದೆ, ನಮ್ಮ ಕೈಯಲ್ಲಿಲ್ಲ ಅಂತೆ. ಯಾರ ಕೈಯಲ್ಲೂ ಇಲ್ಲ, ಎಲ್ಲ ಶೀಟಿನ ಕೈಯಲ್ಲಿದೆ. ಹಾಗಾದರೆ ಟೀಮ್ ಲೀಡರ್ ಜಾಗಕ್ಕೆ ಅವರ ಸಿವಿ ಹಾಕಿ, ನಾನು ಕೆಳಗಿನ ಜಾಗಕ್ಕೆ ಬರ್ತೀನಿ ಅಂತ ಮತ್ತೆ ಬರೆದಿದ್ದೇನೆ. ಟೆಂಡರ್ ಕಾಗದ ಪೂರ್ತಿ ಜಾಲಾಡಿದ್ದೇನೆ, ಟೀಮ್ ಲೀಡರ್ ಹೊರಗಿನವನೇ ಆಗಬೇಕು ಅಂತ ಎಲ್ಲೂ ಇಲ್ಲ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬಂದ ಮೇಲೆ ಕಾಮೆಂಟಿನಲ್ಲಿ ಹಾಕ್ತೀನಿ. ಅಲ್ಲಿಯವರೆಗೆ ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡುವ ಸ್ನೇಹಿತರಲ್ಲಿ ಒಂದು ವಿನಂತಿ. ನಿಯಮ ಹಾಗಿದೆ ಅಂತ ಮಾತ್ರ ಕೆಳಗೆ ಬರೆಯಬೇಡಿ. ಯಾವ ನಿಯಮ, ಎಷ್ಟನೇ ಕಲಂ, ಯಾವ ಪುಟ ಅಂತ ಬರೆಯಿರಿ. ನನಗೆ ಬೇಕಿರೋದು ಅದು.