ಕಾವೇರಿಯಿಂದ ವಿವಾದ ಕಳೆಯುವುದು

ಕನ್ನಡ ವಿಕಿಪೀಡಿಯದ ಹುಡುಕು ಪೆಟ್ಟಿಗೆ ಪಾಪದ್ದು. ಒಂದು ಪದ ಕೊಟ್ಟು ಎಂಟರ್ ಒತ್ತುತ್ತೇವೆ, ಬೇಕಾದ್ದು ಬರದಿದ್ದರೆ ಬೈಯುತ್ತೇವೆ. ಬೇಡವಾದ್ದು ಏನು ಅಂತ ಅದಕ್ಕೆ ಹೇಳುವವರು ಕಡಿಮೆ.

ಕಾವೇರಿಯನ್ನೇ ತಗೊಳ್ಳಿ. ನದಿಯ ಜೊತೆ ಅಣೆಕಟ್ಟು, ಊರು, ಸಿನಿಮಾ, ಕೋರ್ಟು ಎಲ್ಲವೂ ಸಾಲುಗಟ್ಟುತ್ತವೆ. ಆಗ 'ಕಾವೇರಿ -ವಿವಾದ' ಎಂದು ಬರೆಯಬಹುದು. ಮೈನಸ್ಸಿಗೆ ಮುಂಚೆ ಜಾಗ ಬಿಡಬೇಕು, ಆಮೇಲೆ ಬಿಡಬಾರದು. 1990ರಲ್ಲಿ ನ್ಯಾಯಮಂಡಳಿ ಕೂತು, 2007ರಲ್ಲಿ ಅಂತಿಮ ತೀರ್ಪು ಕೊಟ್ಟು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿದರೂ ಹೋಗದ ವಿವಾದ ಇಲ್ಲಿ ಒಂದು ಅಡ್ಡಗೆರೆಗೆ ಹೋಗುತ್ತದೆ!

ಪೂರ್ತಿ ಹೋಗುವುದಿಲ್ಲ ಅನ್ನಿ. ವಿವಾದದ, ವಿವಾದಕ್ಕೆ, ವಿವಾದವನ್ನು ಎಲ್ಲ ಉಳಿದುಬಿಡುತ್ತವೆ. ವಿಭಕ್ತಿಗಳನ್ನು ಬಾಯಿಪಾಠ ಮಾಡಿದ್ದು ನಾವು, ಪೆಟ್ಟಿಗೆ ಅಲ್ಲವಲ್ಲ. ಅದಕ್ಕೆ ನಕ್ಷತ್ರ ಹಾಕಿ 'ಕಾವೇರಿ -ವಿವಾದ*' ಎನ್ನಬೇಕು. ಮೈಸೂರಿನ ವಿಷಯದಲ್ಲಿ ಇನ್ನೂ ಸ್ವಲ್ಪ ಜಾಣತನ ಬೇಕು. 'ಮೈಸೂರು*' ಅಂದರೆ ಮೈಸೂರಿಗೆ, ಮೈಸೂರಿನ ಸಿಗುವುದಿಲ್ಲ. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಪದ್ಧತಿಯಲ್ಲಿ, ರ ಬೇರೆ, ಅದರ ಕೊಂಬು ಬೇರೆ. ಕೊಂಬು ಕಿತ್ತು 'ಮೈಸೂರ*' ಎಂದರೆ ಎಲ್ಲವೂ ಬರುತ್ತವೆ.

ಇನ್ನೊಂದು ಫಜೀತಿ ಇದೆ. ನದಿಯ ಬಗ್ಗೆ ಎಷ್ಟೇ ಒಳ್ಳೆಯ ಪುಟ ಇರಲಿ, ಎಲ್ಲೋ ಒಂದು ಸಾಲಿನಲ್ಲಿ ವಿವಾದ ಇಣುಕಿರುತ್ತದೆ. ಮೈನಸ್ ಆ ಪುಟವನ್ನೂ ಎತ್ತಿ ಆಚೆ ಹಾಕುತ್ತದೆ. ಶೀರ್ಷಿಕೆಯಲ್ಲಿ ವಿವಾದ ಇರುವ ಪುಟ ಮಾತ್ರ ಬೇಡ ಅನ್ನುವುದಾದರೆ ಮೈನಸ್ಸಿಗೆ ಅಂಟಿಸಿ ಇಂಗ್ಲಿಷ್ ಅಕ್ಷರದಲ್ಲಿ 'ಇನ್‌ಟೈಟಲ್' ಬರೆದು, ಕೋಲನ್ ಇಟ್ಟು, ಆಮೇಲೆ ವಿವಾದ ಎನ್ನಿ: '-intitle:ವಿವಾದ'. ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. ಜೋಡಿ ಉದ್ಧರಣ ಚಿಹ್ನೆಯ ವಿಷಯ ಎಲ್ಲರಿಗೂ ಗೊತ್ತು: ಒಳಗಿನ ಪದಗಳು ಅದೇ ಕ್ರಮದಲ್ಲಿ, ಒಟ್ಟಿಗೆ ಇರಬೇಕು.

ಹಂಪಿಯೋ ಹಂಪೆಯೋ ಎಂಬ ಅನುಮಾನ ಇದ್ದರೆ ಪದದ ಕೊನೆಗೆ ಅಲೆಗೆರೆ ಎಳೆಯಿರಿ, 'ಹಂಪಿ~' ಅಂತ. ಒಂದೆರಡು ಅಕ್ಷರ ಆಚೀಚೆ ಆದದ್ದನ್ನೂ ಹುಡುಕಿ ಕೊಡುತ್ತದೆ. ಕಾಗುಣಿತದಲ್ಲಿ ಇಷ್ಟು ಉದಾರಿಯಾದ ಮೇಷ್ಟ್ರು ನಮಗೆ ಸಿಕ್ಕಿರಲಿಲ್ಲ.

ಆದರೆ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಪಿಡಿಎಫ್ ಮುಂದೆ ಈ ಯಾವ ವಿದ್ಯೆಯೂ ನಡೆಯುವುದಿಲ್ಲ. ಕಣ್ಣಿಗೆ ಅಚ್ಚ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಪದ ಎದುರಿಗೇ ಕಾಣುತ್ತಿರುತ್ತದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಅಲ್ಲಿ ಜಾರಿಬಿದ್ದ ಒತ್ತಕ್ಷರಗಳನ್ನು ಸರಿ ಮಾಡಿಕೊಂಡು, ಆಮೇಲೆ ಹುಡುಕಬೇಕು.