ಪರ–ವಿರೋಧ: ವಿದೇಶದ ಹಳೆಯ ಡೀಸೆಲ್ ಪಿಕ್‌ಅಪ್‌ಗಳಿಗೆ ಬಂದರು ತೆರೆಯಬೇಕೆ?

ಕಲಬುರಗಿಯ ಗಂಜಿನಲ್ಲಿ ಬಾಡಿಗೆಗಾಗಿ ಕಾಯುತ್ತ ನಿಂತ ಗಾಡಿಗಳ ನಡುವೆ ಈಚೆಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಕೆಸರು, ಹೊಳೆ, ಗುಡ್ಡ ಎನ್ನದೆ ನುಗ್ಗುವ ಡೀಸೆಲ್ ಪಿಕ್‌ಅಪ್‌ಗಳನ್ನು ಮೊಬೈಲಿನಲ್ಲಿ ನೋಡಿದವರು, ಅಲ್ಲಿಯವರು ಬಳಸಿ ಮಾರುವ ಗಾಡಿಯನ್ನು ನಾವೇಕೆ ತರಿಸಿಕೊಳ್ಳಬಾರದು ಎಂದು ಕೇಳುತ್ತಾರೆ. ತರಿಸಬಾರದೆಂದು ಕಾನೂನು ಹೇಳುವುದಿಲ್ಲ. ಆದರೆ ಬಳಸಿದ ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು, ಅದರ ಸ್ಟೀರಿಂಗ್ ಬಲಗಡೆಗೇ ಇರಬೇಕು, ಇನ್ನೂ ಐದು ವರ್ಷ ಓಡುವ ಯೋಗ್ಯತೆ ಅದಕ್ಕಿರಬೇಕು ಮತ್ತು ಅದು ಮುಂಬೈ ಬಂದರಿನ ಮೂಲಕವೇ ಒಳಬರಬೇಕು. ಇಷ್ಟೆಲ್ಲ ಕೂಡಿಬಂದ ಮೇಲೂ ಭಾರಿ ತೆರಿಗೆ ಬೀಳುತ್ತದೆ. ಈ ವಯಸ್ಸಿನ ಮಿತಿಯನ್ನು ಎಂಟು ವರ್ಷಕ್ಕೆ ಏರಿಸಿ, ದುಡಿಮೆಯ ಪಿಕ್‌ಅಪ್‌ಗಳಿಗೆ ಮಾತ್ರ ಸುಂಕ ಇಳಿಸಬೇಕೆ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಪಕ್ಷವನ್ನು ನಾನೊಬ್ಬನೇ ಬರೆಯುತ್ತಿರುವುದರಿಂದ, ಎಲ್ಲಿಯಾದರೂ ತಕ್ಕಡಿ ಒಂದು ಕಡೆಗೆ ವಾಲಿದ್ದು ಕಂಡರೆ ಓದುಗರು ಅದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಪರ

ಹೆಸರು ಮತ್ತು ಉದ್ದು ರಾಶಿಗೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಅಂದರೆ ಮಳೆಯ ನಟ್ಟನಡುವೆ. ತೊಗರಿಯಂತೆ ಒಣಗಿದ ಹೊಲದಿಂದ ನಿಧಾನವಾಗಿ ಎತ್ತಿ ಸಾಗಿಸುವ ಬೆಳೆಗಳಲ್ಲ ಅವು. ಎರಡು ದಿನ ಬಿಸಿಲು ಬಿದ್ದಾಗ ಕಿತ್ತು, ಬಡಿದು, ಮೂರನೆಯ ದಿನದ ಮಳೆಗೆ ಮೊದಲೇ ಡಾಂಬರು ರಸ್ತೆ ಮುಟ್ಟಿಸಬೇಕು. ಎರೆ ಮಣ್ಣು ನೆನೆದಾಗ ಏನಾಗುತ್ತದೆ ಎಂಬುದನ್ನು ಜೇವರ್ಗಿಯವರಿಗಾಗಲಿ ಔರಾದಿನವರಿಗಾಗಲಿ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಮಾರಾಟವಾಗುವ ಪಿಕ್‌ಅಪ್‌ಗಳಲ್ಲಿ ಬಹುಪಾಲು ಹಿಂದಿನ ಚಕ್ರಗಳಿಂದ ಮಾತ್ರ ಓಡುವಂಥವು. ಹೊಲದ ದಾರಿಯಲ್ಲಿ ಹಿಂದಿನ ಗಾಲಿ ಒಮ್ಮೆ ಜಾರತೊಡಗಿತೆಂದರೆ ತಿರುಗಿದಷ್ಟೂ ಹೂತುಕೊಳ್ಳುತ್ತದೆ, ಆಮೇಲೆ ಟ್ರ್ಯಾಕ್ಟರ್ ತಂದು ಎಳೆಸಬೇಕು.

ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಟ್ಟಿ ಪಿಕ್‌ಅಪ್ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದಲ್ಲ. 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು, ಆದರೆ ಆಗ ಅದರ ಬೆಲೆ 30 ಲಕ್ಷ ರೂಪಾಯಿಯ ಮೇಲಿತ್ತು. ಸಾಧಾರಣ ಬಾಡಿಗೆಯ ಪಿಕ್‌ಅಪ್ 10 ಲಕ್ಷದ ಆಸುಪಾಸಿನಲ್ಲಿ ಸಿಗುತ್ತದೆ. ಈ ಎರಡರ ನಡುವಿನ ಅಂತರದಲ್ಲಿ, ಹತ್ತಿಪ್ಪತ್ತು ಎಕರೆಯ ರೈತನಾಗಲಿ ಎರಡು ಗಾಡಿ ಇಟ್ಟುಕೊಂಡ ಬಾಡಿಗೆಯವನಾಗಲಿ ಕೈಯಿಟ್ಟು ಆರಿಸಿಕೊಳ್ಳುವಂಥದ್ದು ಬಹಳ ಕಡಿಮೆ. ಹೊರದೇಶದಲ್ಲಿ ಏಳೆಂಟು ವರ್ಷ ದುಡಿದ ಗಾಡಿ ಇಳಿದ ಸುಂಕದಲ್ಲಿ ಬಂದರೆ ಸರಿಯಾಗಿ ಈ ಅಂತರದೊಳಗೆ ಬಂದು ಕೂರುತ್ತದೆ. ಈಗಿನ ನಿಯಮದಲ್ಲಿರುವ ವಿಚಿತ್ರವೂ ಇದೇ. ಮೂರು ವರ್ಷದೊಳಗಿನ ಗಾಡಿಯನ್ನು ತರಬಹುದು ಎನ್ನುವುದೆಂದರೆ, ಬಳಸಿದ ಗಾಡಿಗಳ ಪೈಕಿ ಅತಿ ದುಬಾರಿಯಾದದ್ದನ್ನು ಮಾತ್ರ ತರಬಹುದು ಎಂದಂತೆ. ಅದು ಸಿರಿವಂತರ ಹವ್ಯಾಸಕ್ಕೆ ಹೊಂದುತ್ತದೆ, ಹೆಸರಿನ ಚೀಲ ಹೊರುವವನಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಥಾಯ್ಲೆಂಡಿನ ಹೈಲಕ್ಸ್‌ನಲ್ಲಿರುವ 2.4 ಲೀಟರಿನ ಡೀಸೆಲ್ ಎಂಜಿನ್ ನಮ್ಮ ಇನ್ನೋವಾ ಕ್ರಿಸ್ಟಾದಲ್ಲಿರುವ ಎಂಜಿನ್ನಿನ ಕುಲದ್ದೇ. ಅದಕ್ಕಿಂತ ಹಿಂದಿನ 2.5 ಲೀಟರಿನದು ಹಳೆಯ ಇನ್ನೋವಾದಲ್ಲಿ ಇದ್ದದ್ದೇ. ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಆ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿದ ಮೇಸ್ತ್ರಿಗಳು ಕಲಬುರಗಿ, ಬೀದರ್, ಹುಮನಾಬಾದ್‌ಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇಂಥ ತಡೆಗಳೆಲ್ಲ ಸುರಕ್ಷತೆಗಾಗಿಯೇ ಹುಟ್ಟಿದವು ಎಂದು ನಂಬುವವರು ಅಮೆರಿಕದ ಕಥೆಯನ್ನೊಮ್ಮೆ ನೋಡಬೇಕು. 1960ರ ದಶಕದ ಮೊದಲಲ್ಲಿ ಪಶ್ಚಿಮ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಪ್ರತೀಕಾರವಾಗಿ ಅಮೆರಿಕ 1964ರಲ್ಲಿ ಜಾರಿಗೆ ತಂದ ಸುಂಕಗಳಲ್ಲಿ ಹಗುರ ಟ್ರಕ್‌ಗಳ ಮೇಲಿನ ಶೇಕಡಾ 25 ಕೂಡ ಒಂದು. ಕೋಳಿಯ ಜಗಳ ಮರೆತುಹೋದರೂ ಟ್ರಕ್‌ನ ಸುಂಕ ಹಾಗೆಯೇ ಉಳಿಯಿತು. ಅದರ ಮೇಲೆ, ಅಲ್ಲಿನ ಮಾನದಂಡಕ್ಕೆ ತಯಾರಾಗದ ವಾಹನವನ್ನು ಅದು 25 ವರ್ಷ ಹಳೆಯದಾಗುವವರೆಗೆ ಸಲೀಸಾಗಿ ತರುವಂತಿಲ್ಲ ಎಂಬ ನಿಯಮವೂ ಸೇರಿಕೊಂಡಿತು. ಪರಿಣಾಮವಾಗಿ ಗಡಿಯ ಆಚೆ ಮೆಕ್ಸಿಕೋದಲ್ಲಿ ಅಂಗಡಿಯಲ್ಲೇ ಸಿಗುವ ಹೈಲಕ್ಸ್‌ಗಾಗಿ ಈಚೆಯ ಅಮೆರಿಕನ್ನರು ಕಾಲು ಶತಮಾನ ಕಾಯುತ್ತಾರೆ. ಆದ್ದರಿಂದ ಯಾವುದೇ ತಡೆಯನ್ನು ಒಪ್ಪುವ ಮೊದಲು ಅದು ಯಾರ ಕೋಳಿಗಾಗಿ ಹುಟ್ಟಿತು ಎಂದು ಕೇಳುವುದು ಲೇಸು. ನಮ್ಮಂತೆಯೇ ಎಡಬದಿಯಲ್ಲಿ ಗಾಡಿ ಓಡಿಸುವ ಕೀನ್ಯಾ ಎಂಟು ವರ್ಷದ ಮಿತಿ ಹಾಕಿಕೊಂಡು, ರಫ್ತಿಗೆ ಮೊದಲೇ ತಪಾಸಣೆ ಮಾಡಿಸಿ, ಬಳಸಿದ ಗಾಡಿಗಳನ್ನು ಬರಮಾಡಿಕೊಳ್ಳುತ್ತಿದೆ.

ವಿರೋಧ

ಹೊಲದ ವಾದ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಟ್ರ್ಯಾಕ್ಟರ್ ಬರುವುದು ಹೂತ ಗಾಡಿಯನ್ನು ಎಳೆಯುವುದಕ್ಕೆ ಮಾತ್ರ. ನೆನೆದ ಎರೆಯಲ್ಲಿ ನಾಲ್ಕು ಚಕ್ರದ ಪಿಕ್‌ಅಪ್ಪೂ ಬಲುದೂರ ಹೋಗಲಾರದು. ಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು ಟೈರು ನುಣುಪಾದ ಮೇಲೆ ಎಷ್ಟು ಚಕ್ರಕ್ಕೆ ಬಲ ಕೊಟ್ಟರೂ ಅಷ್ಟೇ. ಹೊಲದಿಂದ ರಸ್ತೆಯವರೆಗೆ ಟ್ರ್ಯಾಕ್ಟರ್ ಟ್ರಾಲಿ, ರಸ್ತೆಯಿಂದ ಗಂಜಿನವರೆಗೆ ಪಿಕ್‌ಅಪ್ ಎಂಬ ಹಂಚಿಕೆ ಈ ಭಾಗದಲ್ಲಿ ರೂಢಿಯಾದದ್ದು ಬುದ್ಧಿಯಿಲ್ಲದೆ ಅಲ್ಲ.

ಎಂಜಿನ್ ಒಂದೇ ಕುಲದ್ದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಲಾಕು, ಪಿಸ್ಟನ್ನು ಹೊಂದಬಹುದು. ಆದರೆ ಈಗಿನ ಕಾಮನ್ ರೈಲ್ (ಒಂದೇ ಕೊಳವೆಯಿಂದ ಅಧಿಕ ಒತ್ತಡದಲ್ಲಿ ಇಂಧನ ಚಿಮ್ಮಿಸುವ) ಡೀಸೆಲ್ ಗಾಡಿ ಕೆಡುವುದು ಹೆಚ್ಚಾಗಿ ಅಲ್ಲಿ ಅಲ್ಲ. ಅದು ಕೆಡುವುದು ಇಂಜೆಕ್ಟರಿನಲ್ಲಿ, ಅಧಿಕ ಒತ್ತಡದ ಪಂಪಿನಲ್ಲಿ, ಸೆನ್ಸರುಗಳಲ್ಲಿ, ಇವೆಲ್ಲವನ್ನೂ ಆಳುವ ಕಂಪ್ಯೂಟರಿನಲ್ಲಿ. ಒಂದೊಂದು ದೇಶದ ಇಂಧನಕ್ಕೆ, ಹೊಗೆಯ ನಿಯಮಕ್ಕೆ ತಕ್ಕಂತೆ ಇವುಗಳ ನಂಬರೇ ಬೇರೆಯಾಗಿರುತ್ತದೆ. ಹೊಸ ಇಂಜೆಕ್ಟರ್ ಕೂರಿಸಿದರೆ ಅದರ ಮೇಲಿನ ಸಂಕೇತವನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಉಣಿಸಬೇಕು, ಇಲ್ಲವಾದರೆ ಎಂಜಿನ್ ಒರಟಾಗಿ ಓಡುತ್ತದೆ. ಬಲ ಹೊರುವ ಮುಂದಿನ ಆಕ್ಸಲ್, ಆ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸ್, ಅದರ ಸೀಲುಗಳು ಇನ್ನೋವಾದಲ್ಲಿ ಇಲ್ಲವೇ ಇಲ್ಲ. ಹೊರರಾಜ್ಯದ ಹಳೆಯ ಗಾಡಿಯೊಂದಕ್ಕೆ, ಅದೂ ನಮ್ಮ ದೇಶದಲ್ಲೇ ತಯಾರಾದದ್ದಕ್ಕೆ, ಮಾರಾಟ ನಿಂತ ಮಾದರಿ ಎಂಬ ಒಂದೇ ಕಾರಣಕ್ಕೆ ಸೊಲ್ಲಾಪುರ, ಹೈದರಾಬಾದ್ ಎರಡೂ ಕಡೆ ಅಲೆದು, ಒಂದು ಸಣ್ಣ ಸೆನ್ಸರಿಗಾಗಿ ಹನ್ನೊಂದು ದಿನ ಕಾದವನು ನಾನು. ಸಮುದ್ರದಾಚೆಯ ಗಾಡಿಯ ಪಾಡನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇನ್ನು ಹಣದ ವಿಷಯ. ಇಲ್ಲಿ ಬಾಡಿಗೆ ಗಾಡಿ ಕೊಳ್ಳುವವರಲ್ಲಿ ಬಹಳಷ್ಟು ಜನ ಸಾಲದ ಮೇಲೆ ಕೊಳ್ಳುತ್ತಾರೆ. ಸಾಲ ಕೊಡುವವನು ನಾಳೆ ಕಂತು ತಪ್ಪಿದರೆ ಗಾಡಿ ಎಷ್ಟಕ್ಕೆ ಮಾರಿಹೋದೀತು ಎಂದು ನೋಡುತ್ತಾನೆ. ವಿಮೆಯ ಕಂಪನಿ ತಯಾರಕರ ಪಟ್ಟಿಬೆಲೆಯಿಂದ ಸವಕಳಿ ಕಳೆದು ಗಾಡಿಯ ಮೌಲ್ಯ ಕಟ್ಟುತ್ತದೆ, ಐದು ವರ್ಷ ಮೀರಿದ್ದಕ್ಕೆ ಮಾಲೀಕನೊಡನೆ ಮಾತಾಡಿ ನಿಗದಿಪಡಿಸುತ್ತದೆ. ನಮ್ಮ ದೇಶದಲ್ಲಿ ಪಟ್ಟಿಬೆಲೆಯೇ ಇಲ್ಲದ ಮಾದರಿಗೆ ಈ ಇಬ್ಬರೂ ಕಟ್ಟುವ ಬೆಲೆ ಕಡಿಮೆಯಾಗಿಯೇ ಇರುತ್ತದೆ. ಕಲಬುರಗಿಯ ಕೆಎ-32ರ ಫಲಕ ಹಾಕಿಸಿದ ಮಾತ್ರಕ್ಕೆ ಅದು ಊರ ಗಾಡಿಯಾಗದು. ಮರುಮಾರಾಟಕ್ಕೆ ಹೋದ ದಿನ ಅದು ಪರದೇಶಿಯೇ.

ಅಲ್ಲಿಯವರು ಯಾವುದನ್ನು ಮಾರುತ್ತಾರೆ ಎಂಬುದನ್ನೂ ಯೋಚಿಸಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಹೊರತಂದ ವರದಿಯ ಪ್ರಕಾರ 2015ರಿಂದ 2018ರವರೆಗೆ ಸುಮಾರು 1.4 ಕೋಟಿ ಬಳಸಿದ ಹಗುರ ವಾಹನಗಳು ದೇಶದಿಂದ ದೇಶಕ್ಕೆ ರಫ್ತಾದವು, ಅವುಗಳಲ್ಲಿ ಸುಮಾರು ಶೇಕಡಾ 80 ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೇ ಹೋದವು. ಚಳಿಯ ನಾಡುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಅಡಿಯ ಚಾಸಿ ತುಕ್ಕಿನಿಂದ ಪೊಳ್ಳಾಗಿರಬಹುದು. ಅಮೆರಿಕದಲ್ಲಿ ಪಿಕ್‌ಅಪ್‌ಗಳ ಚಾಸಿ ತುಕ್ಕು ಹಿಡಿದ ದಾವೆಯೊಂದರಲ್ಲಿ ಟೊಯೊಟಾ 2016ರಲ್ಲಿ 340 ಕೋಟಿ ಡಾಲರ್‌ವರೆಗೆ ತಗಲಬಹುದಾದ ರಾಜಿಗೆ ಒಪ್ಪಿಕೊಂಡಿತು. ಗಟ್ಟಿತನಕ್ಕೆ ಹೆಸರಾದ ಕಂಪನಿಯ ಗಾಡಿಗಳ ಸ್ಥಿತಿಯೇ ಹೀಗಿರುವಾಗ, ಬಂದರಿನಲ್ಲಿ ಚಿತ್ರ ನೋಡಿ ಹಣ ಕಟ್ಟುವವನ ಧೈರ್ಯ ಮೆಚ್ಚಬೇಕಾದದ್ದೇ.

ಹೊಗೆಯ ಮಾತನ್ನು ‘ಪರ’ದ ಪಕ್ಷ ಎತ್ತಲೇ ಇಲ್ಲ. ಯೂರೋಪಿನ ಹೊಗೆ ಮಾನದಂಡಗಳ ಪೈಕಿ ಯೂರೋ 5ಕ್ಕೆ ಥಾಯ್ಲೆಂಡ್ ಬಂದದ್ದು 2024ರಲ್ಲಿ. ಅಲ್ಲಿನ ಎಂಟು ವರ್ಷದ ಗಾಡಿ ಯೂರೋ 4ರದ್ದು, ಅಂದರೆ ಹೆಚ್ಚುಕಡಿಮೆ ನಮ್ಮ ದೇಶದ ಹೊಗೆ ಮಾನದಂಡವಾದ ಭಾರತ್ ಸ್ಟೇಜ್ 4 (ಬಿಎಸ್ 4). ಬಿಎಸ್ 4 ವಾಹನಗಳನ್ನು 2020ರ ಮಾರ್ಚ್ 31ರ ನಂತರ ಮಾರಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಡೀಸೆಲ್ ಕಾರುಗಳಲ್ಲಿ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್‌ಗಳ ಮಿತಿಯನ್ನು 80ಕ್ಕೆ ಇಳಿಸಿದ್ದು ಬಿಎಸ್ 6. ನಮ್ಮ ಕಾರ್ಖಾನೆಗಳು ಮಾಡಿ ಮಾರಬಾರದ ಗಾಡಿಯನ್ನು ಹಡಗಿನಲ್ಲಿ ಬಂದಿದೆ ಎಂದು ಒಪ್ಪಿಕೊಳ್ಳುವುದಕ್ಕೆ, ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳನ್ನು 2023ರ ಏಪ್ರಿಲ್‌ನಿಂದ ಗುಜರಿಗೆ ಕಳಿಸುತ್ತಿರುವ ದೇಶದಲ್ಲಿ, ಯಾವ ನ್ಯಾಯವಿದೆ?

ಬೆಲೆಯ ಅಂತರ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಇಸುಜು ಆಂಧ್ರದ ಶ್ರೀಸಿಟಿಯಲ್ಲೇ ಪಿಕ್‌ಅಪ್ ತಯಾರಿಸುತ್ತದೆ, ಬೀದರಿನ ಮಗ್ಗುಲ ಜಹೀರಾಬಾದಿನಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಕಡಿಮೆ ಅಲಂಕಾರದ, ನಾಲ್ಕು ಚಕ್ರ ಚಾಲನೆಯ ದುಡಿಮೆಯ ಗಾಡಿ ಬೇಕೆಂದು ಒತ್ತಾಯಿಸಬೇಕಾದದ್ದು ಇಂಥಲ್ಲಿ. ಆಮದು ಗಾಡಿ ಸೆಪ್ಟೆಂಬರಿನ ಮೊದಲ ವಾರ ಕೈಕೊಟ್ಟು, ಅದರ ಇಂಜೆಕ್ಟರ್ ಬ್ಯಾಂಕಾಕಿನಿಂದ ಬರುವ ದಾರಿ ಕಾಯುತ್ತ ಗ್ಯಾರೇಜಿನಲ್ಲಿ ನಿಂತರೆ, ಅಷ್ಟರಲ್ಲಿ ಹೊಲದ ಹೆಸರು ಕಾಯಿಯಲ್ಲೇ ಮೊಳಕೆ ಒಡೆದಿರುತ್ತದೆ.