ಕಾಕಾನ ಗಾಡಿ ವಾಕಿಂಗ್ ಹೊಂಟದ

ನಮ್ಮ ಕಾಕಾನ ಗಾಡಿ ಪ್ರತಿ ರವಿವಾರ ಮುಂಜಾನಿ ವಾಕಿಂಗ್ ಹೋಗ್ತದ. ಕಾಕಾ ಹೋಗಲ್ಲ, ಗಾಡಿ ಅಷ್ಟೇ ಹೋಗ್ತದ. ನಗಬ್ಯಾಡ್ರಿ, ಖರೇನೇ ಹೇಳ್ಲತ್ತೀನಿ. ಕಾಕಾಗ ಶುಗರ್ ಅದ, ದಿನಾ ಅರ್ಧ ತಾಸು ನಡೀರಿ ಅಂತ ಡಾಕ್ಟ್ರು ಚೀಟಿ ಮ್ಯಾಲ ಬರ್ದು ಕೊಟ್ಟು ಮೂರು ವರ್ಷ ಆಯ್ತು, ಆ ಚೀಟಿ ಎಲ್ಲದನೋ ಯಾರಿಗೂ ಗೊತ್ತಿಲ್ಲ. ಆದ್ರ ನಮ್ಮ ಕಲಬುರ್ಗಿ ಊರಾಗಿನ ಹುಮನಾಬಾದ್ ಬೇಸ್ ಹತ್ರದ ಮಿಸ್ತ್ರಿ "ಸಾವ್ಕಾರ್ರ, ವಾರಕ್ಕೊಮ್ಮೆ ಇದನ್ನ ಅರ್ಧ ತಾಸು ಹೈವೇ ಮ್ಯಾಲ ಓಡ್ಸಬೇಕ್ರಿ, ಇಲ್ಲಂದ್ರ ಒಳಗ ಕಟ್ತದ" ಅಂದಿದ್ದು ಮಾತ್ರ ಕಾಕಾಗ ವೇದವಾಕ್ಯ.

ಕಟ್ಟೋದು ಏನಂದ್ರ ಡಿಪಿಎಫ್, ಡೀಸೆಲ್ ಹೊಗಿ ಸೋಸೋ ಫಿಲ್ಟರ್. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನೋ ಹೊಗಿ ನಿಯಮ ಬಂತಲ್ಲ, ಆವಾಗಿಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಿನಾಗ ಈ ಫಿಲ್ಟರ್ ಕೂಡ್ಸ್ಲತ್ತಾರ, ಹೊಗಿಯಾಗಿನ ಮಸಿ ಅದು ಹಿಡ್ಕೊಂಡು ಕೂಡ್ತದ, ಆ ಮಸಿ ಸುಟ್ಟು ಹೋಗಬೇಕಂದ್ರ ಸೈಲೆನ್ಸರ್ ಚಂದಂಗ ಕಾಯಬೇಕು, ಕಾಯಬೇಕಂದ್ರ ಗಾಡಿ ನಿಂದ್ರದಂಗ ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ಓಡಬೇಕು. ಕಾಕಾನ ಗಾಡಿ ಓಡೋದು ಬ್ರಹ್ಮಪೂರದಿಂದ ನೆಹರೂ ಗಂಜಿನ ಅಡತಿ ಅಂಗಡಿ ತನಕ, ಮತ್ತ ವಾಪಸ್. ಇಂಜಿನ್ ಕಾಯೋದ್ರಾಗೇ ಅಂಗಡಿ ಬಂದಿರ್ತದ. ಹಿಂಗಾಗಿ ಮೀಟರಿನಾಗ ಹಳದಿ ದೀಪ ಹತ್ತತದ, ಕಾಕಾನ ಮಾರಿ ಸಣ್ಣದಾಗ್ತದ, ನನಗ ಫೋನ್ ಬರ್ತದ, "ತಮ್ಮಾ, ದೀಪ ಹತ್ಯದ, ಜೇವರ್ಗಿ ರೋಡಿಗಿ ಒಂದು ರೌಂಡ್ ಹೊಡ್ಕೊಂಡು ಬಾ." ನಾನು ಕಟ್ಟಿಸಂಗಾವಿ ಬ್ರಿಜ್ ತನಕ ಹೋಗಿ ಭೀಮಾ ನದಿಗಿ ಕೈ ಮುಗ್ದು ಬರ್ತೀನಿ. ಏಳು ಸೀಟಿನ ಗಾಡಿ, ಒಳಗ ನಾನೊಬ್ಬ. ಮನ್ಯಾಗ ಕಾಕಾ ಸೋಫಾದಾಗ ಕೂತು ಎರಡನೇ ಛಾ ಕುಡೀತಿರ್ತಾರ, ಸಕ್ರಿ ಹಾಕ್ಸಿ.

ಈ ಗಾಡಿ ಅಂದ್ರ ಮೂಲತಃ ಟ್ರಕ್ಕು ನೋಡ್ರಿ. ಸಣ್ಣ ಕಾರುಗಳಿಗಿ ಬಾಡಿನೇ ಎಲುಬು, ಇವಕ್ಕ ಹಂಗಲ್ಲ, ಕೆಳಗ ಉದ್ದಕ ಎರಡು ಕಬ್ಬಿಣದ ತೊಲಿ, ನಡುವ ಅಡ್ಡ ಪಟ್ಟಿ, ಥೇಟ್ ಏಣಿ ಮಲಗಿಸಿದಂಗ, ಅದಕ್ಕೇ ಚಾಸಿ ಅಂತಾರ, ಅದರ ಮ್ಯಾಲ ಬಾಡಿ ತಂದು ಬೋಲ್ಟ್ ಹಾಕಿ ಬಿಗದಿರ್ತಾರ. ಲಾರಿನೂ ಹಂಗೇ. ಫಾರ್ಚುನರ್ ಅಂತ ಎದಿ ಉಬ್ಬಿಸ್ತೀವಲ್ಲ, ಅದು ಹೈಲಕ್ಸ್ ಪಿಕಪ್ಪಿನ ಅಣ್ತಮ್ಮ, ಚಾಸಿ ಒಂದೇ ಮನೆತನದ್ದು. ಬೊಲೆರೋ, ಸ್ಕಾರ್ಪಿಯೋ, ಥಾರ್ ಎಲ್ಲಾ ಇದೇ ಬಳಗ. ಕಾಕಾಂದು ಯಾವ ಕಂಪನೀದು ಅಂತ ನಾ ಹೇಳಂಗಿಲ್ಲ, ಹೇಳಿದ್ರ ಮನಿ ಬಿಡ್ಸ್ತಾರ, ಒಟ್ಟು ಇದೇ ಬಳಗದ್ದು, ಎರಡು ಟನ್ ಮ್ಯಾಲ ತೂಕ, ಹದಿನಾರು ಫೂಟ್ ಹತ್ರ ಉದ್ದ, ಕನ್ನಡಿ ಬಿಟ್ಟು ಆರು ಫೂಟ್ ಅಗಲ.

ಮತ್ತೊಂದು ಮಾತು, ಅಫಜಲಪುರ, ಆಳಂದ ಕಡಿಂದ ಮಂದಿ ತುಂಬ್ಕೊಂಡು ಬರೋ ಕ್ರೂಸರ್ ನೋಡೀರಲ್ಲ? ಅದೂ ಚಾಸಿ ಮ್ಯಾಲ ಬಾಡಿ ಕೂಡ್ಸಿದ ಗಾಡಿನೇ. ಅದರಾಗ ಹದಿಮೂರು ಸೀಟ್ ಇದ್ರ ಇಪ್ಪತ್ತು ಮಂದಿ, ಟಾಪ್ ಮ್ಯಾಲ ಎರಡು ಚೀಲ ತೊಗರಿ, ಒಂದು ಸೈಕಲ್, ಹಿಂದ ಏಣಿಗಿ ಜೋತು ಬಿದ್ದ ಇಬ್ಬರು ಹುಡುಗ್ರು. ಅದಕ್ಕ ಯಾರೂ ಎಸ್‌ಯುವಿ ಅನ್ನಲ್ಲ, 'ಏ ಸರಿ ಅತ್ಲಾಗ' ಅಂತಾರ. ಆ ಹೆಸರು ಬಿಡಿಸಿದ್ರ ಸ್ಪೋರ್ಟ್ ಯುಟಿಲಿಟಿ ವೆಹಿಕಲ್, ಅದರಾಗಿನ ಯುಟಿಲಿಟಿ ಅಂದ್ರ ಉಪಯೋಗ ಅಂತ ಅರ್ಥ ಇದ್ರ ಕಲಬುರ್ಗಿ ಜಿಲ್ಲಾದಾಗ ಖರೇ ಎಸ್‌ಯುವಿ ಅದೊಂದೇ ಅಂತ ನನಗ ಅನ್ನಿಸ್ತದ, ಆದ್ರ ಕಾಕಾನ ಮುಂದ ಅನ್ನಲಾಕ ಧೈರ್ಯ ಇಲ್ಲ.

ಗಾಡಿ ತಗೊಂಡಿದ್ದು ಹೆಂಗಂದ್ರ ರಿಂಗ್ ರೋಡ್ ಕಡಿ ಇದ್ದ ಎರಡು ಎಕರೆ ಲೇಔಟಿಗಿ ಹೋಯ್ತು, ರೊಕ್ಕ ಅಣ್ತಮ್ಮರು ಹಂಚ್ಕೊಂಡ್ರು, ನಮ್ಮಪ್ಪ ಬ್ಯಾಂಕಿನಾಗ ಇಟ್ರು, ಕಾಕಾ ಶೋರೂಮಿನಾಗ ಇಟ್ರು. ಕಡಿಮಿ ಬಿದ್ದದ್ದಕ್ಕ 84 ತಿಂಗಳ ಲೋನ್. ಹಿಂದಿನ ಗ್ಲಾಸ್ ಮ್ಯಾಲ 'ಶ್ರೀ ಶರಣಬಸವೇಶ್ವರ ಕೃಪೆ' ಅಂತ ಬರ್ಸ್ಯಾರ, ಬ್ಯಾಂಕಿನ ಹೆಸರು ಎಲ್ಲೂ ಇಲ್ಲ, ಪಾಪ.

ಟ್ಯಾಕ್ಸಿನ ಕತಿ ಕೇಳಿದ್ರ ಇನ್ನೂ ಮಜಾ. ಎಸ್‌ಯುವಿ ಅಂದ್ರ ಯಾವುದು ಅಂತ ಜಿಎಸ್‌ಟಿ ಕೌನ್ಸಿಲ್ 2023ರಾಗ ಕೂತು ತೂಗಿ ಅಳದು ಹೇಳ್ಯದ, ಉದ್ದ 4 ಮೀಟರ್ ದಾಟಿರಬೇಕು, ಇಂಜಿನ್ 1500 ಸಿಸಿ ದಾಟಿರಬೇಕು, ಗಾಡಿ ಖಾಲಿ ಇದ್ದಾಗ ನೆಲದಿಂದ ಕಡಿಮ್ಯಂದ್ರ 170 ಮಿಲಿಮೀಟರ್ ಎತ್ತರ ಇರಬೇಕು. ಖಾಲಿ ಇದ್ದಾಗ ಅನ್ನೋ ಮಾತು ಗಮನಿಸ್ರಿ, ಕಾಕಾ ಕಾಕಿ ಇಬ್ಬರೂ ಕೂತ ಮ್ಯಾಲ ಅಳದ್ರ ಲೆಕ್ಕಕ್ಕಿಲ್ಲ. ಹಿಂಗ ಪಾಸಾದ ಗಾಡಿಗಿ ಆವಾಗ 28 ಮತ್ತ ಸೆಸ್ 22, ಕೂಡ್ಸಿ 50 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ಅದು 40 ಆಯ್ತು, ಪೇಪರಿನಾಗ ಓದಿದ ದಿನ ಕಾಕಾ ಮಧ್ಯಾಹ್ನದ ಊಟ ಬಿಟ್ರು, ರಾತ್ರಿ ಉಂಡ್ರು. ಇದರ ಮ್ಯಾಲ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್, 20 ಲಕ್ಷ ದಾಟಿದ ಕಾರಿಗಿ 18 ಪರ್ಸೆಂಟ್. ರೋಡ್ ಇಲ್ಲದ ಕಡಿನೂ ಹೋಗ್ತದ ಅಂತ ಹೇಳಿ ಮಾರಿದ ಗಾಡಿಗಿ ಎಲ್ಲಾರಿಗಿಂತ ಜಾಸ್ತಿ ರೋಡ್ ಟ್ಯಾಕ್ಸ್.

ಈಗ ರೋಡ್ ಇಲ್ಲದ ಕಡಿ ಅಂದ್ರ ನಮ್ಮ ಹೊಲ. ಜೇವರ್ಗಿ ಕಡಿ ಅದ, ಎರಿ ಭೂಮಿ, ಒಂದು ಮಳಿ ಬಿದ್ರ ಚಪ್ಪಲ್ ಒಂದೊಂದು ಕಿಲೋ ಆಗ್ತದ. ಟಾರ್ ರೋಡಿನಿಂದ ಹೊಲಕ್ಕ ಮುಕ್ಕಾಲು ಕಿಲೋಮೀಟರ್ ಬಂಡಿ ದಾರಿ. ಗಾಡ್ಯಾಗ ಗೇರಿನ ಹತ್ರ ಒಂದು ಗುಂಡಾದ ಬಟನ್ ಅದ, ತಿರುವಿದ್ರ ನಾಲ್ಕೂ ಗಾಲಿಗಿ ಶಕ್ತಿ ಹೋಗ್ತದ, ಇನ್ನೂ ತಿರುವಿದ್ರ ಕಡಿಮಿ ಸ್ಪೀಡಿನಾಗ ಗೋಡಿನೇ ಹತ್ತಂಗ ಎಳೀತದ, ಇದೊಂದಕ್ಕೇ ಲಕ್ಷಗಟ್ಟಲೆ ಜಾಸ್ತಿ ಕೊಟ್ಟಾರ. ಒಣ ಟಾರ್ ರೋಡ್ ಮ್ಯಾಲ ನಾಲ್ಕು ಗಾಲಿ ಹಾಕಬ್ಯಾಡ್ರಿ, ಗೇರ್ ಕೆಡ್ತದ ಅಂತ ಕಂಪನಿ ಬುಕ್ಕಿನಾಗ ಬರ್ದದ. ಮಣ್ಣಿಗಿ ಇಳಿಸಬ್ಯಾಡ, ಗಾಡಿ ಕೆಡ್ತದ ಅಂತ ಕಾಕಾ ಅಂತಾರ. ಎರಡೂ ಮಾತು ಪಾಲಿಸಿದ್ರ ಆ ಬಟನ್ ತಿರುವೋ ಜಾಗ ಭೂಮಿ ಮ್ಯಾಲೇ ಇಲ್ಲ. ಅದರ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಇವತ್ತಿಗೂ ಹಂಗೇ ಅದ.

ಹಿಂಗಾಗಿ ಹೊಲ ನೋಡಲಾಕ ಹೋದಾಗ ಏನ್ ಮಾಡ್ತೀವಿ ಅಂದ್ರ ಟಾರ್ ರೋಡ್ ಬಾಜೂಕ ಬೇವಿನ ಗಿಡದ ಕೆಳಗ ಗಾಡಿ ನಿಂದ್ರಸ್ತೀವಿ, ಹೊಲ ಮಾಡೋ ಅಣ್ಣ ತನ್ನ ಸ್ಪ್ಲೆಂಡರ್ ತಗೊಂಡು ಬರ್ತಾನ, ಕಾಕಾ ಅದರ ಹಿಂದ ಕೂತು ಪ್ಯಾಂಟ್ ಮೊಣಕಾಲ ತನಕ ಏರ್ಸ್ಕೊಂಡು ಹೋಗ್ತಾರ. ನಾನು ಗಾಡಿ ಕಾಯ್ತೀನಿ, ಆಡು ಬಂದು ಬಂಪರಿಗಿ ಮೈ ತಿಕ್ಕಬಾರ್ದಲ್ಲ.

ಊರಾಗ ಇನ್ನೊಂದು ಥರ. ನಮ್ಮ ಓಣ್ಯಾಗ ಗಾಡಿ ಹೊಗಲ್ಲ. ಒಂದು ಸಲ ಹೊಗಿಸಿದ್ವಿ, ಎರಡೂ ಕಡಿ ಕಟ್ಟಿ, ಡೋರ್ ತೆಗೀಲಾಕ ಬರ್ಲಿಲ್ಲ, ಕಾಕಾ ಒಳಗ, ಓಣಿ ಮಂದಿ ಹೊರಗ, ಕಡಿಗಿ ರಿವರ್ಸ್ ತಗೊಂಡು ಬರೋದ್ರಾಗ ಒಬ್ಬರ ಮನಿ ನಳದ ಪೈಪ್ ಹೋಯ್ತು, ಅದರ ರೊಕ್ಕ ಬ್ಯಾರೆ. ಈಗ ಮನಿಂದ ಅರ್ಧ ಕಿಲೋಮೀಟರ್ ದೂರ ಒಬ್ಬರ ಖಾಲಿ ಪ್ಲಾಟಿನಾಗ ತಿಂಗಳಿಗಿ 1500 ಬಾಡಿಗಿ ಕೊಟ್ಟು ನಿಂದ್ರಸ್ತೀವಿ. ಕಾಕಾ ಸೂಪರ್ ಮಾರ್ಕೆಟಿಗಿ ಹೋಗಬೇಕಂದ್ರ ಮೊದಲ ನನ್ನ ಸ್ಕೂಟಿ ಮ್ಯಾಲ ಪ್ಲಾಟಿಗಿ ಹೋಗಬೇಕು, ಅಲ್ಲಿಂದ ಗಾಡ್ಯಾಗ ಮಾರ್ಕೆಟಿಗಿ, ಮಾರ್ಕೆಟಿನಾಗ ನಿಂದ್ರಸಲಾಕ ಜಾಗ ಎಲ್ಲಿ, ಕಾಕಾ ಇಳದು ಕೊತ್ತಂಬ್ರಿ ಚೌಕಾಶಿ ಮಾಡೋ ತನಕ ನಾನು ಜಗತ್ ಸರ್ಕಲ್ಲಿಗಿ ಪ್ರದಕ್ಷಿಣಿ ಹಾಕ್ತೀನಿ, ಮೂರು ಸುತ್ತು, ನಾಲ್ಕು ಸುತ್ತು. ಹತ್ತು ರೂಪಾಯಿದು ಎಂಟಕ್ಕ ಸಿಕ್ತು ಅಂತ ಕಾಕಾ ಖುಷಿಲೇ ಬಂದು ಏರ್ತಾರ. ಟ್ಯಾಂಕ್ 80 ಲೀಟರಿಂದು, ಅದು ತುಂಬಿದ್ದು ನಾನಂತೂ ಒಮ್ಮೆನೂ ನೋಡಿಲ್ಲ, ಪಂಪಿಗಿ ಹೋದಾಗೆಲ್ಲಾ ಗ್ಲಾಸ್ ನಾಲ್ಕೇ ಬೆರಳು ಇಳಿಸಿ ಸಣ್ಣ ದನಿಲೇ "ಸಾವಿರದ್ದು ಹಾಕಪ್ಪ" ಅಂತಾರ.

ಯಾಕ್ ಕಾಕಾ ಇದೆಲ್ಲಾ ಅಂದ್ರ ಕಾಕಾಂದೂ ಊರ ಮಂದೀದೂ ಒಂದೇ ಉತ್ತರ, "ನಮ್ಮ ಕಡಿ ರೋಡ್ ಸರಿ ಇಲ್ಲೋ." ಇದು ಮಾತ್ರ ಸುಳ್ಳಲ್ಲ. ಆದ್ರ ಒಂದು ಕೇಳ್ತೀನಿ, ರೋಡ್ ಸರಿ ಮಾಡ್ರಿ ಅಂತ ಜೋರು ಮಾಡಿದ್ರ ಕೇಳೋ ಹಂಗ ಇರೋರು ಯಾರು? ಇದೇ ದೊಡ್ಡ ಗಾಡಿಯವ್ರು. ಅವರಿಗಿ ತಗ್ಗು ಹತ್ತೋದೇ ಇಲ್ಲ, ದೊಡ್ಡ ಗಾಲಿ, ಮ್ಯಾಲ ಎಸಿ. ತಗ್ಗು ಗೊತ್ತಾಗೋದು ಸ್ಕೂಟಿಯವರಿಗಿ, ಆಟೋದಾಗ ಕೂತ ಬಸರಿ ಹೆಣ್ಮಗಳಿಗಿ. ರೋಡ್ ನೋಡಲಾಕ ಅಂತ ದೊಡ್ಡವರು ಬರ್ತಾರಲ್ಲ, ಸಾಲಾಗಿ ಆರು ಬಿಳಿ ಗಾಡಿ, ಆರೂ ಏಣಿ ಚಾಸಿ. ತೊಗರಿ ರಾಶಿ ಮ್ಯಾಲ ಗಾದಿ ಹಾಕ್ಕೊಂಡು ಕೂತು ಕಾಳಿನಾಗ ಕಲ್ಲು ಅವನೋ ಇಲ್ಲೋ ಅಂತ ಹೇಳಿದಂಗ. ಒಂದು ದಿನ ಅವರಿಗಿ ನನ್ನ ಸ್ಕೂಟಿ ಕೊಡಲಾಕ ನಾ ತಯಾರ್ ಇದೀನಿ, ಪೆಟ್ರೋಲ್ ನಂದೇ.

ಮುಂದ ಬಂಪರಿಗಿ ಕಬ್ಬಿಣದ ಗಾರ್ಡ್ ಬ್ಯಾರೆ ಹಾಕ್ಸ್ಯಾರ. ಅದು ಹಾಕಬಾರ್ದು, ಹಾದಿ ಮಂದಿಗೂ ಅಪಾಯ, ಒಳಗ ಕೂತವರಿಗೂ ಅಪಾಯ ಅಂತ 2017ರಾಗೇ ಕೇಂದ್ರ ಸಾರಿಗೆ ಇಲಾಖೆ ಹೇಳ್ಯದ, ಗ್ಲಾಸಿಗಿ ಕರಿ ಫಿಲ್ಮ್ ಅಂಟಿಸಬಾರ್ದು ಅಂತ 2012ರಾಗೇ ಸುಪ್ರೀಂ ಕೋರ್ಟ್ ಹೇಳ್ಯದ ಅಂತ ನಾನು ಅಂದ್ರ ಕಾಕಾ, "ಕೋಡಿಲ್ಲದ ಎತ್ತು ಯಾರು ಕೊಳ್ತಾರೋ ತಮ್ಮಾ?" ಅಂದು ಸುಮ್ನಾದ್ರು. ಎತ್ತು ಗಳೆ ಹೊಡೀತದ ಕಾಕಾ ಅನ್ನಬೇಕಂತ ನಾಲಿಗಿ ತುದಿಗಿ ಬಂದಿತ್ತು.

ಎಲ್ಲಾ ಬಿಡ್ರಿ, ಸ್ಟೂಲಿನ ವಿಷಯ ಹೇಳ್ತೀನಿ. ಕಾಕಿಗಿ ಮೊಣಕಾಲ ಬ್ಯಾನಿ. ಜಿಎಸ್‌ಟಿ ಕೌನ್ಸಿಲಿಗಿ 170 ಮಿಲಿಮೀಟರ್ ಸಾಕಾಗಿರಬಹುದು, ಕಾಕಿ ಮೊಣಕಾಲಿಗಿ ಅದು ಅಟ್ಟ ಹತ್ತಿದಂಗ. ಫುಟ್‌ರೆಸ್ಟ್ ಅದ, ಇಳಕಲ್ ಸೀರಿ ಉಟ್ಟು ಅದರ ಮ್ಯಾಲ ಕಾಲಿಡಲಾಕ ಆಗಲ್ಲ. ಅದಕ್ಕ ಸೂಪರ್ ಮಾರ್ಕೆಟಿನಾಗ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ತಂದೀವಿ, 180 ರೂಪಾಯಿ. ಕ್ರಮ ಹಿಂಗದ: ನಾನು ಇಳದು, ಡಿಕ್ಕಿ ತೆಗದು, ಸ್ಟೂಲ್ ತಂದು ಡೋರಿಗಿ ಇಡಬೇಕು, ಕಾಕಿ ಎಡಗೈಲೇ ನನ್ನ ಭುಜ ಹಿಡ್ದು ಬಲಗೈಲೇ ಡೋರಿನ ಹಿಡಿ ಹಿಡ್ದು 'ಯಪ್ಪಾ ಶರಣಬಸಪ್ಪಾ' ಅಂತ ಏರ್ತಾಳ, ಆಮ್ಯಾಲ ನಾನು ಸ್ಟೂಲ್ ಎತ್ತಿ ಡಿಕ್ಕ್ಯಾಗ ಇಡಬೇಕು. ಕಲ್ಯಾಣ ಮಂಟಪದ ಮುಂದ ಇದು ನಡ್ಯೋ ಹೊತ್ನಾಗ ಬೀಗರು ಹಾರ ಹಿಡ್ಕೊಂಡು ಕಾಯ್ತಿರ್ತಾರ, ಹಿಂದ ನಿಂತ ಸಣ್ಣ ಕಾರಿನವರು ಹಾರ್ನ್ ಹೊಡೀತಿರ್ತಾರ. ವರ್ಷಕ್ಕೊಮ್ಮೆ ಶರಣಬಸಪ್ಪನ ತೇರು ಎಳಿಯುವಾಗ ಊರಿಗಿ ಊರೇ ಸರದು ಜಾಗ ಕೊಡ್ತದ, ಕಾಕಾಗ ಅದು ದಿನಾ ಬೇಕು.

ಹೋದ ತಿಂಗಳ ಹುಣ್ಣಿವಿಗಿ ಗಾಣಗಾಪುರಕ್ಕ ಹೋಗಿದ್ವಿ. ದತ್ತನ ದರ್ಶನ ಆಯ್ತು, ಸಂಗಮದಾಗ ಕಾಲು ತೊಳಕೊಂಡ್ವಿ, ಕಾಕಿ ಸ್ಟೂಲ್ ಮ್ಯಾಲ ಕಾಲಿಟ್ಟು ಏರಿದ್ಲು, ಅಷ್ಟ್ರಾಗ ಹಿಂದ ಒಂದು ಕ್ರೂಸರ್ ಬಂದು ಹಾರ್ನ್ ಹೊಡೀತು, ನಾನು ಗಡಿಬಿಡಿಲೇ ಓಡಿ ಸೀಟಿನಾಗ ಕೂತು ಗಾಡಿ ಬಿಟ್ಟೆ. ಚೌಡಾಪುರ ದಾಟಿ, ನಲವತ್ತು ಚಿಲ್ರೆ ಕಿಲೋಮೀಟರ್ ಬಂದು, ನಮ್ಮ ಓಣಿ ಬಾಯಿಗಿ ಗಾಡಿ ನಿಂದ್ರಸಿ ಡಿಕ್ಕಿ ತೆಗದ್ರ ಸ್ಟೂಲ್ ಇಲ್ಲ.

ಕಾಕಿ ಮ್ಯಾಲೇ ಕೂತಾಳ. ಓಣಿ ಮಂದಿ ಕೂಡಿದ್ರು. ಒಬ್ಬರು ಶಹಾಬಾದ್ ಕಲ್ಲು ತಂದ್ರು, ಅಳ್ಳಾಡ್ಲತ್ತು. ಒಬ್ಬರು ಹಾಲಿನ ಕ್ರೇಟ್ ತಂದ್ರು, ಅದು ಒಡದಿತ್ತು. ಎದುರು ಮನಿ ಅಜ್ಜಿ, "ಎತ್ಕೊಂಡು ಇಳಿಸ್ರಿ" ಅಂದ್ಲು, ಕಾಕಿ ಅವಳನ್ನ ನೋಡಿದ ನೋಟಕ್ಕ ಅಜ್ಜಿ ಮನ್ಯಾಗ ಹೋದ್ಲು. ನಾನು, ಹೊಸಾದು ತರ್ತೀನಿ ಕಾಕಾ, 180 ರೂಪಾಯಿ ಅಷ್ಟೇ, ಹತ್ತು ನಿಮಿಷ ಅಂದೆ. ಕಾಕಾ ಮೀಟರಿನ ಕಡಿ ನೋಡ್ಲತ್ತಿದ್ರು. ಹಳದಿ ದೀಪ ಹತ್ತಿತ್ತು. ಊರಾಗಿನ ಟ್ರಾಫಿಕ್ಕಿನಾಗ ಯಾವಾಗ ಹತ್ತಿತ್ತೋ ಏನೋ.

"ಹೆಂಗೂ ಓಡಸಬೇಕಲ್ಲ" ಅಂದ್ರು ಕಾಕಾ, "ನಡಿ, ವಾಪಸ್ ಗಾಣಗಾಪುರಕ್ಕ. ಸ್ಟೂಲೂ ಆಗ್ತದ, ವಾಕಿಂಗೂ ಆಗ್ತದ."

ಕಾಕಿ ಏನೂ ಅನ್ಲಿಲ್ಲ, ಚೀಲದಾಗಿಂದ ಕಟಕ ರೊಟ್ಟಿ ತೆಗದು ಶೇಂಗಾ ಹಿಂಡಿ ಹಚ್ಕೊಂಡು ಮುರೀಲಾಕ ಶುರು ಮಾಡಿದ್ಲು. ಹೋಗಿ ನೋಡಿದ್ರ ಸ್ಟೂಲ್ ಅಲ್ಲೇ ಇತ್ತು, ಹೂವು ಮಾರೋ ಮುದುಕಿ ಅದರ ಮ್ಯಾಲ ಬುಟ್ಟಿ ಇಟ್ಕೊಂಡು ವ್ಯಾಪಾರ ನಡಿಸಿದ್ಲು. ನಮ್ಮದವ್ವ ಅಂದ್ರ, "ನಿಮ್ಮದಂತ ಏನ್ ಬರ್ದದ ಇದರ ಮ್ಯಾಲ?" ಅಂದ್ಲು. ಕಾಕಾ ನೂರು ರೂಪಾಯಿ ಕೊಟ್ಟು ನಮ್ಮ ಸ್ಟೂಲ್ ನಾವೇ ಕೊಂಡ್ಕೊಂಡ್ವಿ, ಮ್ಯಾಲ ಒಂದು ಮೊಳ ಮಲ್ಲಿಗಿ ಅವಳೇ ಕೊಟ್ಲು. ವಾಪಸ್ ಬರುವಾಗ ಚೌಡಾಪುರದ ಹತ್ರ ದೀಪ ಆರ್ತು. ಕಾಕಾ ಎರಡೂ ಕೈ ಮುಗಿದ್ರು, ದತ್ತನ ಗುಡ್ಯಾಗೂ ಅಷ್ಟು ಭಕ್ತಿಲೇ ಮುಗಿದಿರ್ಲಿಲ್ಲ.